ಎರಡನೆಯ ಒನ್ಸ್ ಮೋರ್

ಈ ಬ್ಯಾಂಡಿನ ಬಗ್ಗೆ ಈಗ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಹೂಡಿಯ ಒಂದು ಕೆಫೆಯಲ್ಲಿ ಭಾನುವಾರ ಸಂಜೆ ಶೋ. ಅದುವರೆಗೆ ಇಂಗ್ಲಿಷಿನಲ್ಲೇ ಹಾಡುತ್ತಿದ್ದ ಗಾಯಕಿ ಅವತ್ತು ಮೊದಲ ಸಲ ತನ್ನ ಗದಗಿನ ಕಡೆಯ ಮಾತಿನಲ್ಲಿ ಕಟ್ಟಿದ ಹಾಡು ಹಾಡಿದಳು. ಜನ ಮೈಮರೆತು ಒಂದಲ್ಲ, ಎರಡು ಸಲ ‘ಒನ್ಸ್ ಮೋರ್’ ಕೂಗಿದರು. ವೈಟ್‌ಫೀಲ್ಡ್ ಕಡೆಯ ಐಟಿ ಮಂದಿಗೂ ಕನ್ನಡದ ಹಾಡು ಬೇಕು ಎಂದು ಅಲ್ಲಿಗೆ ಸಾಬೀತಾಯಿತು.

ನಾನು ಅಲ್ಲಿದ್ದೆ. ಕೆಫೆ ನಿಜ, ಭಾನುವಾರ ನಿಜ, ಹಾಡು ನಿಜ. ಉಳಿದದ್ದರ ಬಗ್ಗೆ ನನ್ನ ತಕರಾರಿದೆ. ಕೂಗಿದವರು ಐಟಿಯವರಲ್ಲ. ಎರಡನೆಯ ಒನ್ಸ್ ಮೋರ್ ಮೆಚ್ಚುಗೆಯದಂತೂ ಅಲ್ಲವೇ ಅಲ್ಲ. ಇನ್ನು ಈ ಕಥೆ ಹೇಳುವವರಲ್ಲಿ ಹೆಚ್ಚಿನವರು ಆ ಸಂಜೆ ಅಲ್ಲಿರಲೇ ಇಲ್ಲ. ಐವತ್ತು ಜನ ಹಿಡಿಸದ ಆ ಕೋಣೆಯಲ್ಲಿ ತಾವೂ ಇದ್ದೆವು ಎನ್ನುವವರನ್ನೆಲ್ಲ ಸೇರಿಸಿದರೆ ಒಂದು ಮೆಟ್ರೋ ರೈಲು ತುಂಬುತ್ತದೆ. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಯಾಕೆಂದರೆ ಕೂಗಿದವರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ.

ನಮ್ಮದು ಹೂಡಿಯೇ. ಆಫೀಸುಗಳು ಬರುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಅಪ್ಪ ಬಾಡಿಗೆ ಮನೆ ಬೆಳೆಸುತ್ತಾರೆ, ವರ್ಷಕ್ಕೊಂದು ಮಹಡಿ. ನಾನು ಕುಂದಲಹಳ್ಳಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತೇನೆ, ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುತ್ತೇನೆ. ಕಾಲೇಜಿನ ನಾಲ್ಕು ವರ್ಷ ಚರ್ಚಾಸ್ಪರ್ಧೆಯಲ್ಲಿ ಮಾಡಿದ್ದೂ ಅದನ್ನೇ. ಮನೆಯಲ್ಲೂ ಬಿಟ್ಟವಳಲ್ಲ. ‘ಒಂದ್ ಕಾಫಿ ತಗೊಂಬಾ ಅಂದ್ರೂ ಯಾಕೆ ಅಂತೀಯಲ್ಲೇ, ನಿನ್ನ ಯಾವನಮ್ಮಾ ಕಟ್ಕೋತಾನೆ?’ ಎಂದು ಅಮ್ಮ ಕೇಳುವುದುಂಟು.

ಇಂಥ ನನಗೆ ಈ ಸಣ್ಣ ಬ್ಯಾಂಡುಗಳ ಹುಚ್ಚು ಹತ್ತಿದ್ದು ಯಾಕೆ ಎಂದರೆ ಸರಿಯಾದ ಉತ್ತರವಿಲ್ಲ. ಸಿನಿಮಾದವರಲ್ಲದ, ಬೆನ್ನ ಹಿಂದೆ ಯಾವ ಕಂಪನಿಯೂ ಇಲ್ಲದ, ತಾವೇ ಹಾಡು ಕಟ್ಟಿ ತಾವೇ ಆಂಪ್ಲಿಫೈಯರ್ ಹೊತ್ತು ತರುವ ಜನ. ಪೀಣ್ಯದಲ್ಲಿ ಭಾನುವಾರ ಮುಚ್ಚಿದ್ದ ಒಂದು ಲೇತ್ ಶೆಡ್ಡಿನಲ್ಲಿ ನಾನು ನೋಡಿದ ಮೊದಲ ಶೋಗೆ ಹನ್ನೊಂದು ಜನ ಕೇಳುಗರಿದ್ದರು. ಅವರಲ್ಲಿ ಐವರು ಮುಂದಿನ ಬ್ಯಾಂಡಿನವರು. ಮೊದಲಿನವರು ಇಳಿದು ಇವರು ಹತ್ತಿದಾಗ ಮೊದಲಿನವರೇ ಬಂದು ನಮ್ಮ ಪಕ್ಕ ನಿಂತು ಕೇಳುಗರಾದರು, ಸಂಖ್ಯೆ ಕೆಡಲಿಲ್ಲ. ಇಡೀ ಶೆಡ್ಡು ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ ಹೊಡೆಯುತ್ತಿತ್ತು, ನನ್ನ ಬಿಳಿ ಬೂಟು ಇವತ್ತಿಗೂ ಬಿಳಿಯಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಪಿಜಿಯ ತಾರಸಿಯಲ್ಲಿ ಇನ್ನೊಂದು ಶೋ: ಹಾಡಿನ ನಡುವೆ ಯಾರೋ ಹುಡುಗಿ ಬಂದು ಗಿಟಾರಿನ ವೈರು ದಾಟಿ ಒಣಗಿದ ಬಟ್ಟೆ ತೆಗೆದುಕೊಂಡು ಹೋದಳು, ಬ್ಯಾಂಡಿನವರು ತಲೆ ಬಗ್ಗಿಸಿ ದಾರಿ ಬಿಟ್ಟರು, ಹಾಡು ನಿಲ್ಲಲಿಲ್ಲ. ಆಮೇಲೆ ನಾನು ಒಂದು ಭಾನುವಾರವೂ ಮನೆಯಲ್ಲಿ ಕೂರಲಿಲ್ಲ.

ಈ ಶೋಗಳಿಗೆ ಬರುವವರ ರೀತಿಯೇ ಬೇರೆ. ಕೈ ಕಟ್ಟಿ ನಿಂತು ತಲೆಯನ್ನು ಅರ್ಧ ಇಂಚು ಆಡಿಸುವುದು. ಹಾಡು ಮುಗಿದರೆ ಚಪ್ಪಾಳೆ, ಜೊತೆಗೆ ಒಂದು ‘ವೂ’. ಹಾಡು ಚೆನ್ನಾಗಿದ್ದರೂ ಅಷ್ಟೇ, ಕೆಟ್ಟಿದ್ದರೂ ಅಷ್ಟೇ, ತಂತಿ ಹರಿದು ಅರ್ಧಕ್ಕೆ ನಿಂತರೂ ಅಷ್ಟೇ. ಹಾಡಿದ್ದನ್ನೇ ಇನ್ನೊಮ್ಮೆ ಹಾಡಿ ಎಂದು ಯಾರೂ ಕೇಳುವುದಿಲ್ಲ, ಕೇಳಬಹುದು ಎಂಬುದೇ ಯಾರ ತಲೆಗೂ ಬರುವುದಿಲ್ಲ.

ಕಥೆಯ ಬ್ಯಾಂಡಿನಲ್ಲಿ ಮೂವರು. ಗಿಟಾರಿನವನು ಕಾಲೇಜಿನ ಚರ್ಚೆಗಳಲ್ಲಿ ನನ್ನ ಜೋಡಿ. ಅವನು ಮೊದಲು ಮಾತಾಡಿ ವಾದ ಕಟ್ಟುತ್ತಿದ್ದ, ನಾನು ಕೊನೆಗೆ ಬಂದು ಎದುರಾಳಿಗಳದ್ದು ಕೆಡವುತ್ತಿದ್ದೆ. ಡ್ರಮ್ಮಿನವನು ಮಾತೇ ಆಡುವುದಿಲ್ಲ, ಅದರಿಂದ ಉಳಿದಿಬ್ಬರಿಗೂ ಅನುಕೂಲ. ಗಾಯಕಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗೇರು ಚಕ್ರಗಳ ಅಳತೆ ನೋಡುವವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಚಕ್ರವನ್ನು ಕೆಂಪು ಡಬ್ಬಿಗೆ ಎಸೆಯುವುದು ಅವಳ ಕೆಲಸ. ಅವಳು ಕಟ್ಟಿದ ಹಾಡು ಆ ಕೆಂಪು ಡಬ್ಬಿಯೊಳಗಿನ ಒಂದು ಚಕ್ರ ಹಾಡುವ ಹಾಡು:

ಕೂದಲೆಳಿಯಷ್ಟ ದಪ್ಪಾದೆ ಅಂತ ತಗದ ಒಗದರ ನನ್ನ,
ಅಳತಿ ಮಾಡೋರ ಅಳತಿ ಮಾಡೋರ್ಯಾರ, ಹೇಳೋ ನನ್ನಣ್ಣ.

ಆ ಹಾಡನ್ನು ಶೋದಲ್ಲಿ ಹಾಡಬೇಕೋ ಬೇಡವೋ ಎಂಬುದರ ಮೇಲೆ ಬ್ಯಾಂಡಿನೊಳಗೆ ಒಂದು ತಿಂಗಳಿಂದ ಜಗಳ. ಶೋದ ಹಿಂದಿನ ದಿನ ಕುಂದಲಹಳ್ಳಿ ಗೇಟಿನ ಬಳಿಯ ಟೀ ಅಂಗಡಿಯಲ್ಲಿ ಗಿಟಾರಿನವನು ಅದನ್ನು ನನ್ನ ಮುಂದೆ ಇಟ್ಟ.

‘ಅವ್ಳು ಹೇಳ್ಬಿಟ್ಟಿದಾಳೆ ಕಣೇ. ಈ ಹಾಡು ಬೇಡ ಅಂದ್ರೆ ಅವ್ಳೂ ಬ್ಯಾಂಡ್ ಬಿಡ್ತಾಳಂತೆ. ಪೀಣ್ಯದಿಂದ ಬಂದು, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯ್ಸಿ, ಇಲ್ಲಿವರೆಗೂ ಬಂದು ಬೇರೆಯವ್ರ ದನೀಲಿ ಹಾಡೋದು ಸಾಕಾಗಿದೆ ಅಂದ್ಲು.’

‘ಹಾಡು ಹೇಗಿದೆ?’

‘ನಂಗೆ ಗೊತ್ತಾಗ್ತಿಲ್ಲ. ಅದೇ ಪ್ರಾಬ್ಲಂ. ನಾಳೆ ಹಾಡ್ಲಿ, ಜನ ಚಪ್ಪಾಳೆ ಹೊಡೆದ್ರೆ ಇಟ್ಕೊಳೋಣ ಅಂತ.’

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಯಾರಾದರೂ ಹುಳುಕಿನ ವಾದ ಮಂಡಿಸಿದರೆ ನನ್ನ ನಾಲಿಗೆ ತುರಿಸುತ್ತದೆ.

‘ಚಪ್ಪಾಳೆ ಸಾಕ್ಷಿ ಆಗಲ್ಲ’ ಎಂದೆ. ‘ನಮ್ಮೋರು ಎಲ್ಲದಕ್ಕೂ ಹೊಡೀತಾರೆ. ಅದ್ರಲ್ಲೂ ಕನ್ನಡ ಹಾಡು ಅಂದ್ರೆ ಪಾಪ ಅಂತ ಎರಡು ಜಾಸ್ತಿ ಹೊಡೀತಾರೆ. ಅದು ಹಾಡಿಗಲ್ಲ, ಅವರ ಒಳ್ಳೇತನಕ್ಕೆ ಅವರೇ ಹೊಡ್ಕೊಳೋದು.’

‘ಸರಿ ತಾಯಿ, ಮತ್ಯಾವ್ದು ಸಾಕ್ಷಿ? ನೀನೇ ಹೇಳು.’

‘ಅವಳ ಪರಿಚಯವೇ ಇಲ್ಲದೋರು ಯಾರಾದ್ರೂ, ಆ ಹಾಡನ್ನೇ ಇನ್ನೊಂದು ಸಲ ಹಾಡಿ ಅಂತ ಕೇಳ್ಬೇಕು. ಹಾಗೆ ಕೇಳಿದ್ರೆ ನಾನು ಒಪ್ತೀನಿ.’

‘ಡನ್’ ಎಂದು ಅವನು ಲೋಟ ಕೆಳಗಿಟ್ಟ. ‘ಕೇಳಿದ್ರೆ ಹಾಡು ಉಳೀತು. ಕೇಳ್ಲಿಲ್ಲ ಅಂದ್ರೆ ಹಾಡೂ ಹೋಯ್ತು, ಅವ್ಳೂ ಹೋದ್ಲು. ನಾನು ಅವ್ಳಿಗೆ ಇದನ್ನೇ ಹೇಳ್ತೀನಿ.’

ಅವನು ಅಲ್ಲೇ ನಿಂತು ಫೋನು ಮಾಡಿ ಹೇಳಿದ. ಆ ಕಡೆಯಿಂದ ಅವಳು ‘ಆತು’ ಅಂದದ್ದು ನನಗೂ ಕೇಳಿಸಿತು. ಅಷ್ಟೇ, ಒಂದು ಮಾತು. ಬೈಕ್ ಹತ್ತಿದ ಮೇಲೆ ನನಗೆ ಹೊಳೆಯಿತು: ಯಾರೂ ಎಂದೂ ಕೇಳದ್ದನ್ನೇ ನಾನು ಷರತ್ತಾಗಿ ಇಟ್ಟಿದ್ದೆ. ಕೇಳುವ ರೂಢಿಯೇ ಇಲ್ಲದ ಜನರ ನಡುವೆ. ವಾದ ಗೆದ್ದಿದ್ದೆ, ನಮ್ಮ ಕಡೆ ಇದ್ದ ಒಳ್ಳೆಯ ದನಿಯೊಂದನ್ನು ಮನೆಗೆ ಕಳಿಸುವ ಏರ್ಪಾಡೂ ಮಾಡಿದ್ದೆ.

ಮರುದಿನ ಮಧ್ಯಾಹ್ನ ನಾನು ಕಪ್ಪು ಟೀ ಶರ್ಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದೆ. ನಮ್ಮ ಮನೆಯ ಕೆಳಗಿನ ರೂಮಿನಲ್ಲಿ ಐವರು ಬಾಡಿಗೆಗಿದ್ದಾರೆ. ರೋಣದ ಕಡೆಯವರು, ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟು ಹಾಕುವ ಮೊದಲು ಹಲಗೆ ಕೂಡಿಸುವ ಸೆಂಟ್ರಿಂಗ್ ಕೆಲಸ. ಅವರಲ್ಲಿ ಹಿರಿಯನಾದ ಮೇಸ್ತ್ರಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ.

‘ಅಕ್ಕಾರ, ಐತ್ವಾರಕ್ಕೊಮ್ಮೆ ಹಿಂಗ ಕರೀ ಅಂಗಿ ಹಾಕ್ಕೊಂಡು ಎಲ್ಲಿಗ್ರೀ? ಯಾರರ ಸತ್ತಾರೇನು?’

‘ಹಾಡು ಕೇಳೋಕೆ ಅಣ್ಣ. ಇಲ್ಲೇ, ಟೈಲ್ಸ್ ಅಂಗಡಿ ಮೇಲೆ.’

‘ಯಾರು ಹಾಡ್ತಾರ?’

‘ಗದಗಿನ ಕಡೆಯ ಹುಡುಗಿ.’

ಬೆಳ್ಳುಳ್ಳಿ ಕೆಳಗಿಟ್ಟ. ‘ನಮ್ಮನ್ನ ಒಳಗ ಬಿಡ್ತಾರೇನ್ರಿ?’

ಮುಂದೆ ವಿಷಯ ತಿಳಿದ ಮೇಲೆ ಗಿಟಾರಿನವನು ನನ್ನನ್ನು ಬಹಳ ಸಲ ಕೆದಕಿದ್ದಾನೆ: ಬೇಕಂತಲೇ ಕರೆದುಕೊಂಡು ಬಂದೆಯಾ? ನಾನು ಹೇಳುವುದಿಷ್ಟೇ. ಕೇಳಿದ್ದು ಮೇಸ್ತ್ರಿ. ನಾನು ಬೇಡ ಅನ್ನಲಿಲ್ಲ. ‘ಗದಗಿನ ಕಡೆಯ ಹುಡುಗಿ’ ಎಂಬ ಉತ್ತರ ಅಗತ್ಯಕ್ಕಿಂತ ಸ್ವಲ್ಪ ಉದ್ದವಾಯಿತು, ಅದನ್ನು ಒಪ್ಪುತ್ತೇನೆ.

ಐವರೂ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹೊರಟರು. ಗೇಟಿನಲ್ಲಿ ಅಪ್ಪ ತಡೆದರು. ‘ಇವರ್ನೆಲ್ಲ ಎಲ್ಲಿಗಮ್ಮ ಮೆರವಣಿಗೆ ಕರ್ಕೊಂಡ್ ಓಗ್ತಾ ಇದೀಯ?’ ಎಂದವರು, ಹಾಡು ಕೇಳಲು ಎಂದು ತಿಳಿದ ಮೇಲೆ, ‘ಅದೇನ್ ಆಡೋ ಏನೋ, ಓದ್‌ ವಾರ ಕಿಟಕಿ ಗಾಜೆಲ್ಲ ಅದುರ್‌ತಿತ್ತು’ ಎಂದು ಒಳಗೆ ಹೋದರು. ಕೆಫೆಯ ಬಾಗಿಲಲ್ಲಿ ಸೆಕ್ಯೂರಿಟಿಯವನು ಅವರ ಹವಾಯಿ ಚಪ್ಪಲಿಗಳನ್ನು ನೋಡಿದ.

‘ಮೇಡಂ, ಚಪ್ಪಲ್ ಅಲೋ ಇಲ್ಲ.’

‘ಎಲ್ಲಿ ಬರೆದಿದೆ?’

‘ಬರ್ದಿಲ್ಲ ಮೇಡಂ. ಮ್ಯಾನೇಜರ್ ಹೇಳಿದ್ದು.’

‘ಗಿಟಾರ್ ಬಾರಿಸೋನು ಕಾಲಿಗೆ ಏನು ಹಾಕಿದಾನೆ ನೋಡು.’

ಅವನು ಬಗ್ಗಿ ಒಳಗೆ ನೋಡಿದ. ಗಿಟಾರಿನವನು ಬರಿಗಾಲಲ್ಲಿದ್ದ, ಅದು ಅವನ ಶೋಕಿ. ಸೆಕ್ಯೂರಿಟಿಯವನು ನಕ್ಕು ಬಾಗಿಲು ಬಿಟ್ಟ.

ಒಳಗೆ ಎಂದಿನಂತೆ ಮೂವತ್ತು ಚಿಲ್ಲರೆ ಜನ ಗೋಡೆಗೆ ಒರಗಿ ಕೈ ಕಟ್ಟಿಕೊಂಡು ನಿಂತಿದ್ದರು. ವೇದಿಕೆಯ ಮುಂದಿನ ಜಾಗ ಖಾಲಿ. ಮುಂದೆ ಹೋಗಿ ನಿಲ್ಲುವುದು ಈ ಜನಕ್ಕೆ ಮುಜುಗರ. ಮೇಸ್ತ್ರಿಯವರ ತಂಡ ಸೀದಾ ಅಲ್ಲಿಗೇ ಹೋಗಿ, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಿತು. ಹಿಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಹಾಡಿನ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಗಿನವರು ನಾಲ್ಕು ಮಂದಿ ಬಂದು ಅವರ ಹಿಂದೆ ಕೂತರು. ಹೀಗೂ ಕೇಳಬಹುದು ಎಂದು ಅವರಿಗೆ ಅನ್ನಿಸಿರಬೇಕು. ಆ ಎರಡೂ ಹಾಡುಗಳು ಇಂಗ್ಲಿಷಿನವು. ಮೇಸ್ತ್ರಿ ಶಿಸ್ತಾಗಿ ಕೇಳಿದ, ತಾಳ ಹಾಕಿದ, ಮಾತಾಡಲಿಲ್ಲ.

ಮೂರನೆಯದು ಅವಳದು. ಮೈಕಿನ ಮುಂದೆ ಬಂದು ನೀರು ಕುಡಿದಳು. ಇಂಗ್ಲಿಷಿನಲ್ಲಿ ಹಾಡುವಾಗ ಅವಳು ಗಂಟಲಿನಿಂದ ಹಾಡುತ್ತಿದ್ದಳು. ಇದನ್ನು ಹೊಟ್ಟೆಯಿಂದ ಎತ್ತಿಕೊಂಡಳು. ಒಂದು ಸಾಲು ಹಾಡುವುದು, ಬಿಡುವುದು, ಚಕ್ರವನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಸುಮ್ಮನಿರುವುದು, ಆಮೇಲೆ ಮುಂದಿನ ಸಾಲು. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ‘ವೂ’ ಬಂತು. ಗೋಡೆ ಬದಿಯವರು ತಲೆಯನ್ನು ಅರ್ಧದ ಬದಲು ಒಂದು ಇಂಚು ಆಡಿಸಿದರು. ನನ್ನ ಷರತ್ತಿನ ಪ್ರಕಾರ ಇದರಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಗಿಟಾರಿನವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ನೆಲ ನೋಡಿದೆ.

‘ವನ್ಸ್ ಮೋರ್!’

ಮೇಸ್ತ್ರಿ ಕೂತಲ್ಲಿಂದಲೇ, ಬಲಗೈ ಮೇಲೆತ್ತಿ, ಕಟ್ಟಡದ ಹದಿನಾಲ್ಕನೆಯ ಮಹಡಿಯಿಂದ ಕೆಳಗಿನವರನ್ನು ಕರೆಯುವ ದನಿಯಲ್ಲಿ ಕೂಗಿದ. ಹಿಂದೆಯೇ ನಾಲ್ವರೂ ಕೂಗಿದರು.

ಗಿಟಾರಿನವನಿಗೆ ಅರ್ಥವಾಗಲಿಲ್ಲ. ‘ಥ್ಯಾಂಕ್ಯೂ, ಥ್ಯಾಂಕ್ಯೂ ಸೋ ಮಚ್’ ಎಂದು ನಾಲ್ಕನೆಯ ಹಾಡಿಗೆ ಕೈ ಹಾಕಿದ.

‘ಏ, ಥ್ಯಾಂಕ್ಯೂ ಅಲ್ಲೋ ತಮ್ಮಾ, ಮತ್ತೊಮ್ಮಿ ಹಾಡ್ರಿ!’

‘ಕೊನೇಲಿ ಹಾಡ್ತೀವಿ ಅಣ್ಣ.’

‘ಕಡೀಕ ಯಾಕ? ಈಗ!’

ಇಲ್ಲಿ ಅವರ ರೂಢಿಯನ್ನು ಹೇಳಬೇಕು. ಅವರ ಊರಿನ ನಾಟಕಗಳಲ್ಲಿ ಹಾಡು ಹಿಡಿಸಿದರೆ ಒನ್ಸ್ ಮೋರ್ ಕೂಗುತ್ತಾರೆ. ಕೂಗಿದರೆ ಪಾತ್ರಧಾರಿ ಅಲ್ಲೇ, ಆ ಕ್ಷಣವೇ ಮತ್ತೆ ಹಾಡಬೇಕು. ಕಥೆ ಕಾಯುತ್ತದೆ. ಪ್ರಾಣ ಬಿಡುತ್ತ ಹಾಡಿದ ರಾಜ ಎದ್ದು ಕೂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಪ್ರಾಣ ಬಿಟ್ಟದ್ದನ್ನು ತಾನು ಕಂಡಿದ್ದೇನೆಂದು ಮೇಸ್ತ್ರಿ ಆಮೇಲೆ ನನಗೆ ಹೇಳಿದ. ಗಿಟಾರಿನವನಿಗೆ ಇದು ಗೊತ್ತಿರಲಿಲ್ಲ. ಗಾಯಕಿಗೆ ಗೊತ್ತಿತ್ತು. ಅವಳು ಅವನ ಕಡೆ ತಿರುಗಿ ‘ಮೊದಲಿನಿಂದ ಹಿಡಿ’ ಎಂದಳು.

ಎರಡನೆಯ ಸಲ ಗಿಟಾರಿನವನಿಗೆ ಉತ್ಸಾಹ ಉಕ್ಕಿತು. ಷರತ್ತು ಗೆದ್ದ ಖುಷಿ ಬೆರಳಿಗಿಳಿದು ವೇಗ ಹೆಚ್ಚಾಯಿತು. ಅವಳು ಅವನ ಹಿಂದೆ ಓಡಿದಳು. ಸಾಲುಗಳ ನಡುವಿನ ಮೌನ ಮಾಯವಾಯಿತು. ಹಾಡು ಮುಗಿದಾಗ ನಮ್ಮ ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಈ ಸಲ ಎದ್ದು ನಿಂತು ಹೊಡೆದವರೂ ಇದ್ದರು. ಮುಂದೆ ಕೂತಿದ್ದ ಐವರು ಮಾತ್ರ ಕೈ ಎತ್ತಲಿಲ್ಲ.

‘ವನ್ಸ್ ಮೋರ್’ ಎಂದ ಮೇಸ್ತ್ರಿ. ಈ ಸಲ ಕೂಗಲಿಲ್ಲ, ಹೇಳಿದ.

ಅವಳು ಮೈಕು ಬದಿಗೆ ಸರಿಸಿ ಕೇಳಿದಳು, ‘ಯಾಕ್ರೀ ಅಣ್ಣಾರ, ಮತ್ಯಾಕ?’

‘ಮೊದಲ ಸಲ ಹಾಡಿದ್ದು ಹಾಡು, ತಂಗಿ. ಈಗ ಹಾಡಿದ್ದು ಓಡಿದ್ದು. ಆ ತಂತಿ ಬಾರ್ಸಾಂವಗ ಹೇಳು, ಬಸ್ಸಿಗೆ ಹೊತ್ತಾಗಿಲ್ಲ ಅಂತ. ಕೆಡಿಸಿ ಬಿಟ್ಟ ಹೋಗಬ್ಯಾಡ. ಸರಿ ಮಾಡಿ ಹೋಗು.’

ಕೋಣೆಯಲ್ಲಿ ಕನ್ನಡ ಬರುತ್ತಿದ್ದವರು ಗೊಳ್ಳೆಂದು ನಕ್ಕರು, ಬರದವರು ಪಕ್ಕದವರಿಂದ ಕೇಳಿ ತಿಳಿದು ತಡವಾಗಿ ನಕ್ಕರು. ಗಿಟಾರಿನವನ ಕಿವಿ ಕೆಂಪಾಯಿತು. ಆದರೆ ನಗದವಳು ನಾನು. ಪಾಪ ಎಂದು ಹೊಡೆಯುವ ಚಪ್ಪಾಳೆ ಎಂದಿದ್ದೆನಲ್ಲ? ಈ ಮನುಷ್ಯ ತನ್ನ ಸೀಮೆಯ ಹುಡುಗಿಗೆ, ತನ್ನದೇ ಮಾತಿನ ಹಾಡಿಗೆ, ತುಂಬಿದ ಕೋಣೆಯಲ್ಲಿ ತಪ್ಪು ತೋರಿಸುತ್ತಿದ್ದ. ಹಲಗೆ ಅರ್ಧ ಇಂಚು ವಾಲಿದ್ದರೆ ಬಿಚ್ಚಿಸಿ ಮತ್ತೆ ಕೂಡಿಸುವವನ ಕಣ್ಣು ಅದು. ಅಂದಿನವರೆಗೆ ಆ ಕೆಫೆಯಲ್ಲಿ ಯಾರೂ ಯಾವ ಹಾಡಿನ ಬಗ್ಗೆಯೂ ಒಂದು ದೂರನ್ನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬ್ಯಾಂಡುಗಳ ಭಕ್ತೆ ಎಂದುಕೊಂಡಿದ್ದವಳು ನಾನು, ವಾದ ಮಾಡುವುದರಲ್ಲಿ ಎತ್ತಿದ ಕೈ ಎಂದುಕೊಂಡಿದ್ದವಳೂ ನಾನೇ.

ಮೂರನೆಯ ಸಲ ಗಿಟಾರಿನವನು ಮೊದಲ ಚರಣಕ್ಕೆ ತಂತಿಯನ್ನೇ ಮುಟ್ಟಲಿಲ್ಲ. ಡ್ರಮ್ಮಿನವನು ಕೋಲಿನ ತುದಿಯಿಂದ ಅಂಚನ್ನಷ್ಟೇ ತಟ್ಟಿದ. ಅವಳು ಕಣ್ಣು ತೆರೆದು, ನೇರ ಮೇಸ್ತ್ರಿಯನ್ನೇ ನೋಡುತ್ತ, ‘ಅಳತಿ ಮಾಡೋರ ಅಳತಿ ಮಾಡೋರ್ಯಾರ’ ಎಂದು ಕೇಳಿ, ಬಿಟ್ಟಳು. ಆ ಬಿಡುವಿನಲ್ಲಿ ಕಾಫಿ ಯಂತ್ರದವನು ಹಾಲು ಕಾಯಿಸುವುದನ್ನು ನಿಲ್ಲಿಸಿದ. ಹಾಡು ಮುಗಿದಾಗ ಮೇಸ್ತ್ರಿ ಒಂದು ಸಲ ತಲೆದೂಗಿ, ‘ಹಾಂ’ ಎಂದ. ಮುಂದಿನ ಹಾಡು ಹಾಡಬಹುದು ಎಂದರ್ಥ.

ಆದರೆ ಮುಂದಿನ ಹಾಡಿಗೆ ಸಮಯ ಉಳಿದಿರಲಿಲ್ಲ. ಆರು ಹಾಡಿಗೆಂದು ಕೊಟ್ಟಿದ್ದ ಹೊತ್ತು ಮೂರರಲ್ಲೇ ಮುಗಿದಿತ್ತು, ಮ್ಯಾನೇಜರು ಕೈ ಗಡಿಯಾರ ತೋರಿಸುತ್ತ ನಿಂತಿದ್ದ.

ಹಾಡು ಉಳಿಯಿತು. ಅವಳೂ ಉಳಿದಳು. ಕಥೆ ಹುಟ್ಟಿತು, ಬೆಳೆಯಿತು. ಪ್ರತಿ ಶೋದಲ್ಲೂ ಯಾರಾದರೂ ಅದನ್ನು ಹೇಳುವಾಗ ನಾನು ಪಕ್ಕದಲ್ಲಿ ಕೈ ಕಟ್ಟಿ ನಿಂತು ತಲೆ ಆಡಿಸುತ್ತಿದ್ದೆ. ಒಳಗೊಳಗೆ ಕಸಿವಿಸಿ. ಕೂಗಿದವರು ಯಾರೋ ದಾರಿಹೋಕರಲ್ಲ, ನಮ್ಮ ಬಾಡಿಗೆಯವರು; ಹಾಡಿದವಳ ಸೀಮೆಯವರು; ಕರೆತಂದವಳು ತೀರ್ಪಿನ ಷರತ್ತು ಇಟ್ಟವಳೇ. ಯಾವ ಸ್ಪರ್ಧೆಯಲ್ಲಾದರೂ ನನ್ನನ್ನು ಹೊರಗೆ ಹಾಕುತ್ತಿದ್ದರು. ಹೇಳಿದರೆ ಹಾಡು ಹೋಗುತ್ತದೆ, ಅವಳು ಹೋಗುತ್ತಾಳೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಆರು ತಿಂಗಳಾದ ಮೇಲೆ ತಡೆಯಲಾಗದೆ ಗಿಟಾರಿನವನಿಗೆ ಹೇಳಿಬಿಟ್ಟೆ.

ಅವನು ಕೇಳಿದ, ‘ನಿನ್ ಷರತ್ತು ಏನು? ಅವಳ ಪರಿಚಯ ಇಲ್ಲದೋರು ಕೇಳ್ಬೇಕು ಅಂತ. ಅವ್ರಿಗೆ ಅವಳ ಪರಿಚಯ ಇತ್ತಾ?’

‘ಇರ್ಲಿಲ್ಲ. ಆದ್ರೆ...’

‘ಆದ್ರೆ ಗೀದ್ರೆ ಇಲ್ಲ ಮಗಾ. ಷರತ್ತು ಬರೆಯೋವಾಗ ಎಲ್ಲಾ ಬರೀಬೇಕು. ನಾಲ್ಕು ವರ್ಷ ನೀನೇ ನಂಗೆ ಬೈದಿದ್ದು ಇದಕ್ಕೇ. ಸೋತೆ, ಒಪ್ಕೋ.’

ನಾನು ಇಷ್ಟು ಸಂತೋಷದಿಂದ ಯಾವತ್ತೂ ಸೋತಿರಲಿಲ್ಲ. ಅದೇ ಗುಂಗಿನಲ್ಲಿ, ಮುಂದಿನ ಶೋ ಮುಗಿದ ಮೇಲೆ ಗಾಯಕಿಯನ್ನು ಹೂಡಿ ಮೆಟ್ರೋವರೆಗೆ ಬಿಡಲು ಹೋದವಳು ಪ್ಲಾಟ್‌ಫಾರ್ಮಿನ ಮೇಲೆ ಅವಳಿಗೂ ಹೇಳಿದೆ. ಅವಳು ನಕ್ಕಳು.

‘ಅದನ್ನ ನೀ ಹೇಳಬೇಕೇನು? ಮೊದಲ ಕೂಗಿಗೇ ಗೊತ್ತಾತು ನಮ್ಮ ಕಡಿಯವರು ಅಂತ. ಆದ್ರ ನಮ್ಮ ಕಡಿಯವರು ಅಂತ ಅವರು ಬಿಟ್ರೇನು? ನಮ್ಮ ಕಾರ್ಖಾನಿ ಸೂಪರ್‌ವೈಜರ್ ಸೈತ ಹಂಗ ಮಂದಿ ಮುಂದ ಅಂದಿಲ್ಲ ನನಗ.’

‘ಬೇಜಾರಾಯ್ತಾ?’

‘ಎರಡ ದಿನ ಸಿಟ್ಟಿತ್ತು. ಆಮ್ಯಾಲ ಆ ಬಿಡುವು ಎಷ್ಟ ಹೊತ್ತು ಇರಬೇಕು ಅಂತ ರೂಮಿನ್ಯಾಗ ಹಾಡಿ ಹಾಡಿ ನೋಡಿದೆ. ಬಾಜೂ ರೂಮಿನಾಕಿ ಗ್ವಾಡಿ ಬಡದ್ಲು. ಆಕಿದು ವನ್ಸ್ ಮೋರ್ ಅಲ್ಲ.’

ಇಬ್ಬರೂ ನಕ್ಕೆವು. ಆದರೆ ನನ್ನೊಳಗೆ ಒಂದು ಬಾಕಿ ಇತ್ತು. ಆ ಸಂಜೆಯ ಇಡೀ ಭಾರ ನಿಂತಿದ್ದದ್ದು ಅವಳ ಒಂದು ಮಾತಿನ ಮೇಲೆ: ಹಾಡು ಹೋದರೆ ನಾನೂ ಹೋಗುತ್ತೇನೆ. ನಾನು ಹೆದರಿದ್ದು ಅದಕ್ಕೆ, ಉತ್ತರವನ್ನು ಅಗತ್ಯಕ್ಕಿಂತ ಉದ್ದ ಮಾಡಿದ್ದು ಅದಕ್ಕೆ, ಆರು ತಿಂಗಳು ಬಾಯಿ ಹೊಲಿದುಕೊಂಡಿದ್ದೂ ಅದಕ್ಕೇ. ಚರ್ಚೆಯಲ್ಲಿ ಹೀಗೆ ಬೆದರಿಸಿ ಗೆಲ್ಲುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಫೋನಿನಲ್ಲಿ ‘ಆತು’ ಎಂದ ದನಿ ಬೆದರಿಸುವವರದ್ದಾಗಿರಲಿಲ್ಲ. ರೈಲು ಬಂತು, ಬಾಗಿಲು ತೆರೆಯಿತು, ಅವಳು ಬ್ಯಾಗು ಹೆಗಲಿಗೇರಿಸಿ ಒಳಗೆ ಕಾಲಿಟ್ಟು ನನ್ನ ಕಡೆ ತಿರುಗಿ ನಿಂತಳು.

‘ಒಂದೇ ಒಂದು ಕೇಳ್ತೀನಿ’ ಎಂದೆ. ‘ಅವತ್ತು ಮೇಸ್ತ್ರಿ ಬರದೇ ಇದ್ದಿದ್ರೆ, ಯಾರೂ ಕೂಗದೇ ಇದ್ದಿದ್ರೆ, ನೀನು ನಿಜವಾಗ್ಲೂ ಬಿಟ್ಟು ಹೋಗ್ತಿದ್ಯಾ?’

‘ಬ್ಯಾಂಡ್ ಬಿಡತಿದ್ದೆ, ಹಾಡ ಬಿಡತಿದ್ದಿಲ್ಲ’ ಎಂದಳು, ಬಾಗಿಲು ಮುಚ್ಚಿತು.